ಮೊದಲು ತಳಿ ನೋಡಿ, ಆಮೇಲೆ ಹುಂಜವೋ ಹೇಂಟೆಯೋ ಹೇಳಿ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಇಟ್ಟಿರುವ ಈ ಬುಟ್ಟಿಯಲ್ಲಿ ಐದು ಮರಿಗಳಿವೆ. ಸದ್ದು ಹಿಂದಿನ ಬೆಂಚಿನವರಿಗೂ ಕೇಳುತ್ತಿದೆ ಅಲ್ವಾ? ಎಲ್ಲಕ್ಕೂ ಇವತ್ತಿಗೆ ಏಳು ವಾರ. ಒಂದೇ ಹೇಂಟೆಯ ಕಾವಿನಲ್ಲಿ ಹೊರಬಂದವು, ಮೊಟ್ಟೆ ಮಾತ್ರ ಬೇರೆ ಬೇರೆ ಕೋಳಿಗಳದ್ದು. ನಾನು ಮಾತು ಮುಗಿಸುವ ಹೊತ್ತಿಗೆ ಇವುಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು ಅಂತ ನೀವೇ ಹೇಳಬೇಕು. ಒಂದರ ಬಗ್ಗೆ ಮಾತ್ರ "ಇದನ್ನು ಈಗಲೇ ಹೇಳಲಿಕ್ಕೆ ಬರುವುದಿಲ್ಲ" ಅಂತ ಹೇಳಬೇಕು. ಅದು ಯಾವುದು ಅಂತ ಯೋಚನೆ ಮಾಡುತ್ತಾ ಕೇಳಿ.

ನಾನು ಇದನ್ನು ಕಲಿಯಬೇಕು ಅಂತ ಹಠ ಹಿಡಿದದ್ದು ಒಂದು ಸಂತೆಯಿಂದ. ತಿಂಗಳ ಮರಿಗಳು, ನಾಲ್ಕು ಹೇಂಟೆ ಎರಡು ಹುಂಜ, ಎಲ್ಲ ಪ್ಯೂರ್ ಬ್ಯಾಂಟಮ್ ಅಂತ ಹೇಳಿ ಕೊಟ್ಟರು. ನಂಬಿ ತಂದೆ. ಮೂರು ತಿಂಗಳಾಗುವಾಗ ಆರರಲ್ಲಿ ಐದು ಕೂಗಲಿಕ್ಕೆ ಶುರು ಮಾಡಿದವು. ಒಂದೇ ಒಂದು ಹೇಂಟೆ, ಅದರ ಬೆನ್ನಿನ ಪುಕ್ಕವೆಲ್ಲ ಈ ಐದು ಹುಂಜ ತುಳಿದು ತುಳಿದು ಉದುರಿಹೋಯಿತು. ಹುಂಜಗಳು ತಮ್ಮತಮ್ಮಲ್ಲೇ ಕಾದಾಡಿ ಒಂದರ ಕಣ್ಣು ಹೋಯಿತು. ಹೆಚ್ಚಾದ ಹುಂಜಗಳನ್ನು ಕೇಳಿಕೊಂಡು ಬಂದವರು ಅಂಕಕ್ಕೆ ಬೇಕು ಅಂದರು. ಕೋಳಿ ಕಾಳಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ, ಅದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಅಕ್ಕಿ ನುಚ್ಚು ತಿನ್ನಿಸಿ ಬೆಳೆಸಿದ ಜೀವದ ಕಾಲಿಗೆ ಬಾಳುಕತ್ತಿ ಕಟ್ಟಲಿಕ್ಕೆ ಕೊಡುವುದು ನನ್ನಿಂದ ಆಗಲಿಲ್ಲ. ಮರಿ ಕೊಳ್ಳುವಾಗ ಹತ್ತು ನಿಮಿಷ ಸರಿಯಾಗಿ ನೋಡಿದ್ದರೆ ಆ ಹೇಂಟೆಗೆ ಅಷ್ಟು ಹಿಂಸೆ ಆಗುತ್ತಿರಲಿಲ್ಲ.

ಮೊದಲನೇ ವಿಷಯ, ಬ್ಯಾಂಟಮ್ ಅಂದರೆ ಒಂದು ತಳಿ ಅಲ್ಲ. ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಬಂದ ಹೆಸರು ಅದು. ಅಲ್ಲಿ ಹಡಗಿನವರಿಗೆ ಸಿಕ್ಕ ಪುಟ್ಟ ಕೋಳಿಗಳಿಗೆ ಆ ಊರಿನ ಹೆಸರೇ ನಿಂತಿತು, ಈಗ ಗಿಡ್ಡ ಗಾತ್ರದ ಯಾವ ಕೋಳಿಯನ್ನಾದರೂ ಹಾಗೆ ಕರೆಯುತ್ತೇವೆ. ಅದರೊಳಗೆ ತಳಿಗಳು ಎಷ್ಟೋ ಇವೆ. ಕಾಲಿಗೆಲ್ಲ ಪುಕ್ಕ ಇರುವ ಕೊಚಿನ್, ಕಾಲೇ ಕಾಣದಷ್ಟು ಕುಳ್ಳಾದ ಜಪಾನಿನ ಚಾಬೊ, ಪುಕ್ಕದ ಅಂಚಿಗೆ ಗೆರೆ ಎಳೆದ ಹಾಗಿರುವ ಸೆಬ್ರೈಟ್, ಅರ್ಧ ಕೇಜಿಯೂ ತೂಗದ ಮಲೇಷ್ಯಾದ ಸೆರಾಮಾ. ಹತ್ತಿಯಂಥ ಮೈಯ ಸಿಲ್ಕಿಯನ್ನೂ ನಮ್ಮಲ್ಲಿ ಇದೇ ಗುಂಪಿಗೆ ಸೇರಿಸಿ ಫ್ಯಾನ್ಸಿ ಕೋಳಿ ಅಂತ ಮಾರುತ್ತಾರೆ. ಇನ್ನು ಅಂಕೋಲಾ ಕುಮಟಾ ಕಡೆ ಮನೆಮನೆಯಲ್ಲಿ ಇರುವುದು ಊರ ಕೋಳಿಯೂ ಬ್ಯಾಂಟಮ್ಮೂ ಬೆರೆತದ್ದು. ಅದಕ್ಕೆ ತಳಿಯ ಹೆಸರು ಹುಡುಕುತ್ತಾ ಕೂರುವುದು ಬೇಡ, ಬೆರಕೆ ಅಂತ ಬರೆದುಕೊಂಡರೆ ಸಾಕು. ಗಟ್ಟಿ ಜೀವ, ಕಾವಿಗೆ ಕೂತರೆ ಏಳುವುದಿಲ್ಲ, ನನಗೆ ಅದೇ ಹೆಚ್ಚು ಇಷ್ಟ.

ತಳಿ ಯಾಕೆ ಮೊದಲು ನೋಡಬೇಕು ಅಂದರೆ, ಹುಂಜದ ಗುರುತು ತಳಿಯಿಂದ ತಳಿಗೆ ಬೇರೆ. ಒಂದರಲ್ಲಿ ಐದು ವಾರಕ್ಕೆ ಕಾಣುವುದು ಇನ್ನೊಂದರಲ್ಲಿ ಐದು ತಿಂಗಳಾದರೂ ಕಾಣುವುದಿಲ್ಲ.

ಮರಿಯಲ್ಲಿ ತಳಿ ನೋಡುವಾಗ ಬಣ್ಣಕ್ಕೆ ಮರುಳಾಗಬೇಡಿ. ಹುಟ್ಟುವಾಗಿನ ನವಿರು ಉದುರಿ ಪುಕ್ಕ ಬರುವಾಗ ಬಣ್ಣ ಪೂರಾ ಬದಲಾಗುತ್ತದೆ, ಹಳದಿ ಮರಿ ಬಿಳಿ ಕೋಳಿ ಆಗುತ್ತದೆ, ಹೊಟ್ಟೆ ಬೆಳ್ಳಗಿದ್ದ ಕಪ್ಪು ಮರಿ ಇಡೀ ಕಪ್ಪಾಗುತ್ತದೆ. ಬದಲಾಗದ್ದನ್ನು ನೋಡಿ. ಕಾಲಿನ ಬೆರಳು ಎಣಿಸಿ, ನಾಲ್ಕರ ಬದಲು ಐದು ಇದ್ದರೆ ನಮ್ಮ ಕಡೆ ಅದು ಬಹುತೇಕ ಸಿಲ್ಕಿ ಅಥವಾ ಸಿಲ್ಕಿಯ ಬೆರಕೆ. ಕಾಲಿನ ಹೊರಬದಿಗೆ ನವಿರು ಇದೆಯಾ ನೋಡಿ, ಕೊಚಿನ್ ಮರಿಗೆ ಅದು ಹುಟ್ಟಿದ ದಿನವೇ ಇರುತ್ತದೆ. ಜುಟ್ಟು ಒಂದೇ ಗರಗಸದ ಹಾಗಿದೆಯೋ, ಮೂರು ಸಾಲು ಪುಟ್ಟ ಕಾಳು ಇಟ್ಟ ಹಾಗಿದೆಯೋ ಅನ್ನುವುದೂ ಮೊದಲ ದಿನವೇ ಬೆರಳಿಗೆ ತಿಳಿಯುತ್ತದೆ. ಪುಕ್ಕ ಮುಮ್ಮುಖವಾಗಿ ಸುರುಳಿ ಸುತ್ತುವ ಜಾತಿಯಾದರೆ ರೆಕ್ಕೆ ಮೂಡುವಾಗ ಗೊತ್ತಾಗುತ್ತದೆ.

ಚರ್ಮದ ಬಣ್ಣವೂ ಬೇಕು. ಸಿಲ್ಕಿಯ ಚರ್ಮ ಕಪ್ಪು, ನಮ್ಮ ಊರ ಕೋಳಿ ಹಲವದರ ಕಾಲು ಹಳದಿ. ಈ ಹಳದಿ ಕಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ, ಅದು ನಮ್ಮ ಕಡೆಯದ್ದಲ್ಲ. ಆದರೆ ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದ ಬಂದು ಸೇರಿದೆ ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೂದು ಕಾಡುಕೋಳಿ ಅಂದರೆ ದೇವಿಮನೆ ಘಟ್ಟದಲ್ಲಿ ಬೆಳಿಗ್ಗೆ ಕೂಗುತ್ತದಲ್ಲ, ಅದೇ. ಅದರ ಮೊಟ್ಟೆ ತಂದು ಮನೆ ಹೇಂಟೆಯ ಅಡಿಗೆ ಇಡುವ ಕೆಲಸ ಮಾತ್ರ ಯಾರೂ ಮಾಡಬೇಡಿ, ಕಾನೂನಿನ ರಕ್ಷಣೆ ಇರುವ ಹಕ್ಕಿ ಅದು.

ಈಗ ಹುಂಜ ಹೇಂಟೆಯ ವಿಷಯಕ್ಕೆ ಬರೋಣ. ನಮ್ಮಜ್ಜಿ ಚೂಪು ಮೊಟ್ಟೆಯಲ್ಲಿ ಹುಂಜ, ಉರುಟು ಮೊಟ್ಟೆಯಲ್ಲಿ ಹೇಂಟೆ ಅನ್ನುತ್ತಿದ್ದರು. ನಾನೂ ತುಂಬಾ ದಿನ ನಂಬಿದ್ದೆ. ಆಮೇಲೆ ಗಮನಿಸಿದೆ, ಒಂದು ಹೇಂಟೆ ಇಡುವ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಂದೇ ಆಕಾರ, ಹುಟ್ಟುವುದು ಎರಡೂ. ಹಾಗಾದರೆ ಆಕಾರದಿಂದ ಹೇಗೆ ಹೇಳುವುದು? ದಾರಕ್ಕೆ ಸೂಜಿ ಕಟ್ಟಿ ಮೊಟ್ಟೆಯ ಮೇಲೆ ತೂಗುವುದೂ ಅಷ್ಟೇ. ಮರಿ ಹುಂಜವೋ ಹೇಂಟೆಯೋ ಅನ್ನುವುದು ಓಡು ಕಟ್ಟುವ ಮೊದಲೇ ಹೇಂಟೆಯ ಒಳಗೆ ನಿರ್ಧಾರ ಆಗಿರುತ್ತದೆ. ಮನುಷ್ಯರಲ್ಲಿ ಅದು ತಂದೆಯಿಂದ, ಕೋಳಿಯಲ್ಲಿ ತಾಯಿಯಿಂದ.

ಮರಿಯ ರೆಕ್ಕೆ ಬಿಡಿಸಿ ಗರಿ ಉದ್ದ ಗಿಡ್ಡ ನೋಡುವ ವಿಡಿಯೋ ಎಲ್ಲರ ಫೋನಿನಲ್ಲೂ ಬಂದಿರಬೇಕು. ಅದು ಸುಳ್ಳಲ್ಲ. ಆದರೆ ಬೇಗ ಗರಿ ಬರುವ ಹುಂಜಕ್ಕೂ ನಿಧಾನ ಬರುವ ಹೇಂಟೆಗೂ ಬೇಕಂತಲೇ ಜೋಡಿ ಮಾಡಿದ ಹ್ಯಾಚರಿ ಮರಿಗಳಲ್ಲಿ ಮಾತ್ರ ನಡೆಯುತ್ತದೆ, ಅದೂ ಮೊದಲ ಒಂದೆರಡು ದಿನ. ನಮ್ಮ ಬ್ಯಾಂಟಮ್ಮಿನಲ್ಲಿ ಸುಮ್ನೆ ಸಮಯ ಹಾಳು. ಹಿಂಭಾಗ ಒತ್ತಿ ನೋಡುವ ವಿದ್ಯೆ ಜಪಾನಿನವರು ಸುಮಾರು ನೂರು ವರ್ಷದ ಹಿಂದೆ ರೂಢಿಸಿದ್ದು, ತಿಂಗಳುಗಟ್ಟಲೆ ತರಬೇತಿ ಬೇಕು. ಬ್ಯಾಂಟಮ್ ಮರಿ ಹೆಬ್ಬೆರಳಿನಷ್ಟು. ಕಲಿಯದ ಕೈ ಒತ್ತಿದರೆ ಕರುಳಿಗೆ ಪೆಟ್ಟಾಗಿ ಸಾಯುತ್ತದೆ. ಮನೆಯಲ್ಲಿ ಮಾಡಬೇಡಿ.

ನಾವು ಮಾಡಬಹುದಾದದ್ದು ಕಾಯುವುದು, ಹೋಲಿಸಿ ನೋಡುವುದು. ಒಂದೇ ವಯಸ್ಸಿನ ಒಂದೇ ತಳಿಯ ಮರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂಟಿ ಮರಿಯನ್ನು ಕೈಯಲ್ಲಿ ಹಿಡಿದು ಜುಟ್ಟು ದೊಡ್ಡದು ಅಂದರೆ, ಯಾವುದಕ್ಕಿಂತ ದೊಡ್ಡದು? ನಾನು ಕಾಲಿಗೆ ಬಣ್ಣದ ಉಲ್ಲನ್ ದಾರ ಸಡಿಲ ಕಟ್ಟಿ, ಪ್ರತಿ ರವಿವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ದಾರ ವಾರಕ್ಕೊಮ್ಮೆ ಬಿಚ್ಚಿ ಕಟ್ಟಲೇಬೇಕು, ಮರೆತರೆ ಕಾಲಿನೊಳಗೆ ಕೂತುಬಿಡುತ್ತದೆ.

ಬೆರಕೆ ಮರಿಯಲ್ಲಿ ಒಂಟಿ ಜುಟ್ಟಾದರೆ ನಾಲ್ಕೈದು ವಾರಕ್ಕೇ ಹುಂಜದ್ದು ಅಗಲವಾಗಿ ಕೆಂಪೇರುತ್ತದೆ, ಹೇಂಟೆಯದ್ದು ಮಾಸಲು ಹಳದಿಯಾಗಿ ಸಣ್ಣಗೇ ಇರುತ್ತದೆ. ಗಲ್ಲದ ಜೋಲು ಕೂಡ ಹಾಗೇ. ಕಂದು ಬಣ್ಣದವಾದರೆ ಆರರಿಂದ ಎಂಟು ವಾರದಲ್ಲಿ ಎದೆ ನೋಡಿ. ಹೇಂಟೆಯ ಎದೆಗೆ ತಿಳಿ ಕೇಸರಿ ಛಾಯೆ ಬರುತ್ತದೆ, ಹುಂಜದ ಎದೆಯಲ್ಲಿ ಕಪ್ಪು ಪುಕ್ಕ ಏಳುತ್ತದೆ, ರೆಕ್ಕೆಯ ಹೆಗಲಲ್ಲಿ ಕೆಂಪು ಮೂಡುತ್ತದೆ. ಆದರೂ ನಾನು ದುಡ್ಡು ಕೊಟ್ಟು ಕೊಳ್ಳುವಾಗ ಮೂರು ತಿಂಗಳಿನ ಮರಿಯನ್ನೇ ಕೇಳುತ್ತೇನೆ. ಆಗ ಬಾಲದ ಬುಡದಲ್ಲಿ, ಸೊಂಟದ ಎರಡೂ ಕಡೆ ಪುಕ್ಕ ಎತ್ತಿ ನೋಡಬಹುದು. ಉದ್ದಕ್ಕೆ ಇಳಿಬಿದ್ದು ತುದಿ ಚೂಪಾಗಿ ಹೊಳೆಯುತ್ತಿದ್ದರೆ ಹುಂಜ. ತುದಿ ಉರುಟಾಗಿದ್ದರೆ ಹೇಂಟೆ. ಇಷ್ಟು ನಂಬಿಕೆಯ ಗುರುತು ಬೇರೆ ಇಲ್ಲ.

ಆದರೆ ಸೆಬ್ರೈಟಿನಲ್ಲಿ ಇದೇ ಗುರುತು ಕೈಕೊಡುತ್ತದೆ. ಆ ತಳಿಯ ಹುಂಜಕ್ಕೂ ಹೇಂಟೆಯ ಹಾಗೆಯೇ ಉರುಟು ಪುಕ್ಕ, ಬಾಲದಲ್ಲಿ ಕುಡುಗೋಲಿನಂಥ ಗರಿ ಇಲ್ಲ. ಅಲ್ಲಿ ಜುಟ್ಟು, ಜೋಲು, ಕೂಗು ಇಷ್ಟೇ ಆಧಾರ. ಕೊಚಿನ್ ಮರಿಗೆ ಐದಾರು ವಾರಕ್ಕೆ ಬೆನ್ನು ನೋಡಿ. ಹೇಂಟೆಗೆ ಪುಕ್ಕ ಬೇಗ ತುಂಬುತ್ತದೆ, ಹುಂಜದ ಬೆನ್ನು ಹೆಗಲು ಬೋಳಾಗಿಯೇ ಇರುತ್ತದೆ, ಕಾಯಿಲೆ ಬಂದಿದೆ ಅಂತ ಔಷಧಿ ಕೇಳಿಕೊಂಡು ಬಂದವರೂ ಇದ್ದಾರೆ. ಸಿಲ್ಕಿಗೆ ಪುಕ್ಕವೇ ಹತ್ತಿಯ ಹಾಗೆ, ಚೂಪು ಉರುಟು ಅನ್ನುವ ಮಾತೇ ಇಲ್ಲ. ತಲೆಯ ಮೇಲಿನ ಕುಚ್ಚಿನಿಂದ ಹಿಂದಕ್ಕೆ ಉದ್ದ ಎಳೆಗಳು ಹೊರಟರೆ ಹುಂಜ ಇರಬಹುದು, ಕುಚ್ಚು ಚೆಂಡಿನ ಹಾಗೆ ಉರುಟಾದರೆ ಹೇಂಟೆ ಇರಬಹುದು. ಖಚಿತ ಆಗಬೇಕಾದರೆ ಕೂಗುವ ತನಕ ಅಥವಾ ಮೊಟ್ಟೆ ಇಡುವ ತನಕ ಕಾಯಬೇಕು.

ಸಿಲ್ಕಿ ಹುಂಜವನ್ನು ಹಳದಿ ಕಾಲಿನ ಊರ ಹೇಂಟೆಯ ಜೊತೆ ಬಿಟ್ಟರೆ ಮಾತ್ರ ಲೆಕ್ಕ ಬೇರೆ. ಚರ್ಮದ ಕಪ್ಪನ್ನು ತಡೆಯುವ ಗುಣ ಹೇಂಟೆಯಿಂದ ಗಂಡುಮರಿಗೆ ಮಾತ್ರ ಹೋಗುತ್ತದೆ. ಹಾಗಾಗಿ ಗಂಡುಮರಿಯ ಚರ್ಮ ತಿಳಿ, ಹೆಣ್ಣುಮರಿಯ ಚರ್ಮ ಕಪ್ಪು. ನನ್ನ ಅಂಗಳದಲ್ಲಿ ಇದು ಮೊದಲ ಸಲ ಕಣ್ಣಿಗೆ ಬಿದ್ದಾಗ ಅಷ್ಟೂ ಮರಿಗಳನ್ನು ಹಿಡಿದು ಕಾಲು ನೋಡುತ್ತಾ ಕತ್ತಲಾಗುವ ತನಕ ಕೂತಿದ್ದೆ, ಅಷ್ಟು ಖುಷಿ ಆಗಿತ್ತು.

ಮರಿಗಳು ಎದೆಗೆ ಎದೆ ಕೊಟ್ಟು ಹಾರುವುದನ್ನು ನೋಡಿ ಹುಂಜ ಅನ್ನಬೇಡಿ, ಹೇಂಟೆಮರಿಗಳೂ ಜಗಳ ಆಡುತ್ತವೆ. ಕೂಗಿದ್ದೆಲ್ಲ ಹುಂಜವೂ ಅಲ್ಲ. ಕೋಳಿಗೆ ಕೆಲಸ ಮಾಡುವ ಅಂಡಾಶಯ ಎಡಗಡೆಯದ್ದು ಒಂದೇ. ಅದು ರೋಗದಿಂದ ನಿಂತುಹೋದರೆ ಹೇಂಟೆಗೂ ಜುಟ್ಟು ಬೆಳೆದು ಕೂಗು ಬರುತ್ತದೆ. ಹೇಂಟೆ ಕೂಗಿದರೆ ಮನೆಗೆ ಕೇಡು ಅಂತ ಅದರ ಕತ್ತು ಮುರಿಯುವವರಿದ್ದಾರೆ. ಅದು ಕಾಯಿಲೆಯ ಜೀವ, ಯಾರಿಗೂ ಕೇಡು ಮಾಡಲಿಕ್ಕೆ ಬಂದದ್ದಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಮಳೆಯ ಬಗ್ಗೆಯೂ ಹೇಳಿಬಿಡುತ್ತೇನೆ, ತಳಿ ತಿಳಿದಿರಬೇಕಾದ ಇನ್ನೊಂದು ಕಾರಣ ಅದು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ. ಕಾಲಿಗೆ ಪುಕ್ಕ ಇರುವ ಕೊಚಿನ್, ನೀರು ಜಾರದ ಪುಕ್ಕದ ಸಿಲ್ಕಿ, ಎರಡಕ್ಕೂ ಜೂನ್ ಜುಲೈ ಕಷ್ಟ. ಬೆರಳಿಗೆ ಕೆಸರು ಉಂಡೆಯಾಗಿ ಅಂಟುತ್ತದೆ, ಒದ್ದೆ ನೆಲದಲ್ಲಿ ರಕ್ತಭೇದಿ ಹಿಡಿಯುತ್ತದೆ. ಅಟ್ಟದ ಮೇಲೆ ಒಣ ಎಲೆಯ ದರಕು ಅಥವಾ ಭತ್ತದ ಹೊಟ್ಟು ಹಾಸಿದ ಗೂಡು ಇಲ್ಲದಿದ್ದರೆ ಆ ಎರಡನ್ನೂ ಮಳೆಗಾಲದಲ್ಲಿ ತರಬೇಡಿ.

ಫೋಟೋ ಕಳಿಸಿ ಕೇಳುವವರು ಮೇಲಿನಿಂದ ತೆಗೆಯಬೇಡಿ. ಮರಿಯ ಎತ್ತರಕ್ಕೆ ಕೂತು ಪಕ್ಕದಿಂದ ತೆಗೆಯಿರಿ, ಕಾಲು ಕಾಣಲಿ, ಎಷ್ಟು ವಾರ ಅಂತ ಬರೆಯಿರಿ.

ಇನ್ನು ಬುಟ್ಟಿ ನಿಮ್ಮ ಕಡೆಗೆ ಬರುತ್ತದೆ. ಕೆಂಪು ದಾರದ್ದರ ಬೆನ್ನು ನೋಡಿ, ನೀಲಿ ದಾರದ್ದರ ಬೆರಳು ಎಣಿಸಿ, ಅದರ ಅಪ್ಪ ಸಿಲ್ಕಿ, ಅಮ್ಮನ ಕಾಲು ಹಳದಿ. ಹಳದಿ, ಹಸಿರು ದಾರದವು ಅಕ್ಕಪಕ್ಕ ಇಟ್ಟು ನೋಡುವ ಬೆರಕೆ ಜೋಡಿ. ಬಿಳಿ ದಾರದ್ದು ಯಾವುದು ಅಂತ ನೀವೇ ಹೇಳಿ. ಎರಡೂ ಕೈ ಅಡಿಗೆ ಕೊಟ್ಟು ಎತ್ತಿ, ಎದೆ ಒತ್ತಬೇಡಿ, ಉಸಿರು ಕಟ್ಟುತ್ತದೆ. ಆಮೇಲೆ ಕೈ ತೊಳೆಯಲಿಕ್ಕೆ ಜಗಲಿಯಲ್ಲಿ ಬಕೆಟ್ಟು, ಸಾಬೂನು ಇಟ್ಟಿದ್ದಾರೆ.