ಅಜ್ಜಿ, ಉಡ ಅಷ್ಟು ಭಾರ ಹೊರುತ್ತಾ?

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ನಮ್ಮ ಕನ್ನಡ ಸಂಘದ ಮಕ್ಕಳನ್ನು ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬಸ್ಸು, ತಿಂಡಿ, ನೀರಿನ ವಿಷಯವನ್ನು ಕಾರ್ಯದರ್ಶಿಗಳು ಹೇಳುತ್ತಾರೆ. ನನಗೆ ಅಪ್ಪ-ಅಮ್ಮಂದಿರ ಹತ್ತಿರ ಕಥೆಗಳ ಬಗ್ಗೆ ಮಾತಾಡಬೇಕಿದೆ.

ಬರೀ ಗೋಡೆ ತೋರಿಸಿದರೆ ಮಕ್ಕಳಿಗೆ ಐದು ನಿಮಿಷಕ್ಕೆ ಬೇಜಾರು ಬರುತ್ತದೆ. ಕಥೆ ಬೇಕೇ ಬೇಕು. ಆದರೆ ಕೆಲವರು ದಂತಕಥೆಯನ್ನೇ ಪಾಠದ ಹಾಗೆ ಒಪ್ಪಿಸಿಬಿಡುತ್ತಾರೆ. ಇನ್ನು ಕೆಲವರು 'ಅದೆಲ್ಲ ಸುಮ್ನೆ ಕಟ್ಟಿದ್ದು' ಅಂತ ಶುರುವಿನಲ್ಲೇ ಕಥೆಯ ಕತ್ತು ಹಿಸುಕುತ್ತಾರೆ. ಎರಡೂ ಬೇಡ ಅನ್ನುವುದು ನನ್ನ ಮಾತು. ಕಥೆ ನಡೆದ ಜಾಗದಲ್ಲೇ ನಿಂತು ಅದನ್ನು ಪೂರ್ತಿಯಾಗಿ, ರಸವತ್ತಾಗಿ ಹೇಳಿ. ಮಗು 'ನಿಜಾನಾ?' ಅಂದಾಗ ಅವಸರದ ಉತ್ತರ ಕೊಡಬೇಡಿ. ಅದರ ಜೊತೆ ನಿಂತು ಸುತ್ತಲೂ ನೋಡಿ.

ಸಿಂಹಗಡವನ್ನೇ ತೆಗೆದುಕೊಳ್ಳಿ. 1665ರ ಪುರಂದರ ಒಪ್ಪಂದದಲ್ಲಿ ಶಿವಾಜಿ ಮಹಾರಾಜರು 23 ಕೋಟೆಗಳನ್ನು ಮೊಘಲರಿಗೆ ಬಿಟ್ಟುಕೊಡಬೇಕಾಯಿತು. ಕೊಂಡಾಣ ಅಂತಲೂ ಕರೆಯುವ ಈ ಕೋಟೆ ಅದರಲ್ಲಿ ಒಂದು. ಮಗ ರಾಯಬಾನ ಮದುವೆಗೆ ಕರೆಯಲು ಬಂದ ಸೇನಾನಿ ತಾನಾಜಿ ಮಾಲುಸರೆಗೆ ಕೋಟೆ ಗೆಲ್ಲುವ ವಿಷಯ ಗೊತ್ತಾಗುತ್ತದೆ. 'ಮೊದಲು ಕೊಂಡಾಣದ ಲಗ್ನ, ಆಮೇಲೆ ರಾಯಬಾನದು' ಅಂತ ಹೊರಟುಬಿಡುತ್ತಾನೆ. ಅದು 1670ರ ಫೆಬ್ರವರಿ 4ರ ರಾತ್ರಿ. ಕಡಿದಾದ ಬಂಡೆ, ಕಾವಲು ಕಡಿಮೆ ಇರುವ ಕಡೆ. ಯಶವಂತಿ ಅನ್ನುವ ಸಾಕಿದ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಬಿಡುತ್ತಾರೆ. ಅದು ಅರ್ಧಕ್ಕೇ ವಾಪಸ್ ಬರುತ್ತದೆ. ಅಪಶಕುನ ಅಂತ ಎಲ್ಲರೂ ಹಿಂಜರಿಯುತ್ತಾರೆ. 'ಈ ಸಲ ಹತ್ತದಿದ್ದರೆ ನಿನ್ನನ್ನೇ ಕೊಯ್ದು ತಿಂತೀನಿ' ಅಂತ ತಾನಾಜಿ ಗದರುತ್ತಾನೆ. ಉಡ ಹತ್ತುತ್ತದೆ, ಬಂಡೆ ಕಚ್ಚಿ ಹಿಡಿಯುತ್ತದೆ. ಸೈನಿಕರು ಒಬ್ಬೊಬ್ಬರಾಗಿ ಹಗ್ಗ ಹಿಡಿದು ಏರುತ್ತಾರೆ.

ಈ ಕಥೆಯನ್ನು ಪಾರ್ಕಿಂಗ್ ಜಾಗದಲ್ಲಿ ಹೇಳಬೇಡಿ. ತಾನಾಜಿ ಕಡಾ ಅನ್ನುವ ಬಂಡೆಯ ಕಡೆಗೆ ಕರೆದುಕೊಂಡು ಹೋಗಿ. ಅಂಚಿನಿಂದ ದೂರ ನಿಂತು, ಕೈ ಹಿಡಿದುಕೊಂಡೇ ಕೆಳಗಿನ ಪಾತಾಳವನ್ನು ತೋರಿಸಿ. ಒಮ್ಮೆ ಹೀಗೆ ಕಥೆ ಹೇಳಿ ಮುಗಿಸಿದಾಗ ಒಬ್ಬ ಹುಡುಗ ಬಹಳ ಹೊತ್ತು ಕೆಳಗೆ ನೋಡಿ ಕೇಳಿದ, 'ಅಜ್ಜಿ, ಉಡ ಅಷ್ಟು ಭಾರ ಹೊರುತ್ತಾ?' ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇತಿಹಾಸ ಶುರುವಾಗುವುದೇ ಅಲ್ಲಿ, ಅಲ್ವಾ?

ಹಾಗಾದರೆ ಏನು ಹೇಳಬೇಕು? ಉಡದ ಪಟ್ಟು ಗಟ್ಟಿ, ಅದು ನಿಜ. ಆದರೆ ಸಾಮಾನ್ಯವಾಗಿ ಅದರ ತೂಕ ಹತ್ತು ಕೆಜಿಯೂ ಇರುವುದಿಲ್ಲ. ಕತ್ತಿ ಗುರಾಣಿ ಕಟ್ಟಿಕೊಂಡ ಆಳನ್ನು ಅದು ತಡೆಯುತ್ತದೋ ಇಲ್ಲವೋ, ಲೆಕ್ಕವನ್ನು ಮಕ್ಕಳೇ ಹಾಕಲಿ. ಆಮೇಲೆ ಇನ್ನೊಂದು ಸಾಕ್ಷಿ ಮುಂದಿಡಿ. ಶಿವಾಜಿ ತೀರಿಕೊಂಡ ಇಪ್ಪತ್ತು ವರ್ಷದೊಳಗೆ ಸಭಾಸದ ಅನ್ನುವವರು ಬರೆದ ಬಖರಿನಲ್ಲಿ, ಅಂದರೆ ಮರಾಠಿ ಚರಿತ್ರೆಯ ಪುಸ್ತಕದಲ್ಲಿ, ಉಡವೇ ಇಲ್ಲ! ಬಂಡೆ ಹತ್ತುವುದರಲ್ಲಿ ಪಳಗಿದ ಇಬ್ಬರು ಮಾವಳರು (ಶಿವಾಜಿಯ ಗುಡ್ಡಗಾಡಿನ ಸೈನಿಕರು) ಮಂಗಗಳ ಹಾಗೆ ಹತ್ತಿದರು, ಮಿಕ್ಕವರನ್ನು ಮೇಲಕ್ಕೆ ಹತ್ತಿಸಿಕೊಂಡರು ಅಂತ ಅಲ್ಲಿದೆ. ಉಡ ಬೆಳೆದದ್ದು ಪೋವಾಡ ಅನ್ನುವ ಮರಾಠಿ ವೀರಗೀತೆ ಹಾಡುವವರ ಬಾಯಲ್ಲಿ.

ನಮ್ಮ ಕಡೆಯ ಒಂದು ಎಳೆಯೂ ಇಲ್ಲಿ ಸೇರುತ್ತದೆ. ಮುಧೋಳ, ಸಂಡೂರುಗಳನ್ನು ಆಳಿದವರು ಘೋರ್ಪಡೆ ಮನೆತನದವರು. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ್ ಅನ್ನುತ್ತಾರೆ. ಅವರ ಪೂರ್ವಿಕರೊಬ್ಬರು ಬಹಮನಿ ಕಾಲದಲ್ಲಿ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ್ದರು, ಅದಕ್ಕೇ ಈ ಹೆಸರು ಬಂತು ಅನ್ನುತ್ತದೆ ಮನೆತನದ ಕಥೆ. ಅಂದರೆ ಅದೇ ಉಡ, ಅದೇ ಹಗ್ಗ, ಬೇರೆ ಕೋಟೆ, ಇನ್ನೂರು ವರ್ಷ ಹಿಂದಿನ ಕಾಲ. ಒಳ್ಳೆಯ ಕಥೆ ಒಂದು ಕೋಟೆಯಿಂದ ಇನ್ನೊಂದಕ್ಕೆ ಹೋಗುತ್ತದೆ ಅನ್ನುವುದು ಹತ್ತು ವರ್ಷದ ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ. ಉಡ ಹೋಯಿತು ಅಂತ ತಾನಾಜಿ ಚಿಕ್ಕವನಾಗುವುದಿಲ್ಲ. ಬರಿಗೈಯಲ್ಲಿ, ಕತ್ತಲಲ್ಲಿ ಆ ಬಂಡೆ ಹತ್ತಿದ ಇಬ್ಬರ ಧೈರ್ಯ ಇನ್ನೂ ಜಾಸ್ತಿ ಕಾಣುತ್ತದೆ.

ಕೆಲವು ಸಂಗತಿಗಳು ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಕೋಟೆ ಕೈಗೆ ಬಂದ ಮೇಲೆ ಮೇಲಿದ್ದ ಹುಲ್ಲಿನ ಲಾಯಗಳಿಗೆ ಬೆಂಕಿ ಹಚ್ಚಿದರು, ರಾಜಗಡದಲ್ಲಿದ್ದ ಶಿವಾಜಿಗೆ ಆ ಬೆಂಕಿಯೇ ಸಂದೇಶ ಅನ್ನುತ್ತಾರೆ. ಮಂಜಿಲ್ಲದ ದಿನ ಸಿಂಹಗಡದಿಂದ ರಾಜಗಡ, ತೋರಣ ಎರಡೂ ಕಾಣುತ್ತವೆ. ಮಕ್ಕಳಿಗೆ ದಿಕ್ಕು ಹೇಳಿ ಹುಡುಕಲು ಬಿಡಿ. ಸಿಕ್ಕ ಕೂಡಲೇ 'ಹೌದು, ಬೆಂಕಿ ಕಾಣ್ತಿತ್ತು!' ಅಂತ ಅವರೇ ತೀರ್ಪು ಕೊಡುತ್ತಾರೆ. ಇನ್ನೊಂದು ಮಾತು. ಮೊಘಲರ ಪರವಾಗಿ ಕೋಟೆ ಕಾಯುತ್ತಿದ್ದವನು ಉದಯಭಾನ್ ರಾಠೋಡ್, ರಜಪೂತ. ತಾನಾಜಿ, ಉದಯಭಾನ್ ಇಬ್ಬರೂ ಆ ರಾತ್ರಿ ಸತ್ತರು. ಇದನ್ನು ದಯವಿಟ್ಟು ಮಕ್ಕಳಿಗೆ ಹೇಳಿ. ಆ ಕಾಲದ ಯುದ್ಧಗಳನ್ನು ಹಿಂದೂ-ಮುಸ್ಲಿಂ ಜಗಳ ಅಂತ ಸರಳ ಮಾಡಿ ತಲೆಗೆ ತುಂಬಬೇಡಿ.

ದೇವ್ ಟಾಕೆ ಕೊಳದ ನೀರು, ಪಿಠಲ-ಭಾಕರಿ, ಕುಡಿಕೆಯ ಮೊಸರು, ಇವನ್ನೆಲ್ಲ ನಾನು ಹೇಳಬೇಕಾಗಿಲ್ಲ.

ಗುಡ್ಡ ಹತ್ತಲಾರದ ಪುಟ್ಟ ಮಕ್ಕಳಿರುವವರು ಪುಣೆಯಲ್ಲೇ ಇರುವ ಶನಿವಾರ ವಾಡೆಗೆ ಹೋಗಿ. ಮರಾಠರ ಪೇಶ್ವೆ, ಅಂದರೆ ಪ್ರಧಾನಿ, ಒಂದನೇ ಬಾಜೀರಾಯ 1730ರಲ್ಲಿ ಕಟ್ಟಲು ಶುರುಮಾಡಿದ ಅರಮನೆ. 1828ರ ಬೆಂಕಿಯಲ್ಲಿ ಒಳಗಿನದೆಲ್ಲ ಸುಟ್ಟು ಹೋಯಿತು. ಉಳಿದದ್ದು ಅಡಿಪಾಯ, ಕೋಟೆಗೋಡೆ, ಬಾಗಿಲುಗಳು. ದಿಲ್ಲಿ ದರ್ವಾಜಾ ಮುಂದೆ ನಿಲ್ಲಿಸಿ ಒಂದೊಂದು ಕದದಲ್ಲಿ ಎಷ್ಟು ಮೊಳೆ ಅಂತ ಎಣಿಸಲು ಹೇಳಿ. ಉದ್ದ ಅಡ್ಡ ಎಣಿಸಿದರೆ 9 ಮತ್ತು 8ರ ಸಾಲುಗಳು, ಒಂದು ಕದಕ್ಕೆ ಒಟ್ಟು 72. ಅವು ಅಷ್ಟು ಎತ್ತರದಲ್ಲಿ ಯಾಕಿವೆ ಅಂತಲೂ ಕೇಳಿ. ಬಾಗಿಲು ಗುದ್ದಲು ಬರುವ ಆನೆಯ ಹಣೆ ಅಷ್ಟೆತ್ತರಕ್ಕೆ ಬರುತ್ತದೆ.

ಅಲ್ಲಿ ಎಲ್ಲರೂ ಹೇಳುವುದು ಭೂತದ ಕಥೆ. 1773ರ ಆಗಸ್ಟ್ 30ರಂದು ಪೇಶ್ವೆ ನಾರಾಯಣರಾಯನನ್ನು ಗಾರ್ದಿ ಅನ್ನುವ ಬಾಡಿಗೆ ಕಾವಲಿನವರು ಕೊಂದರು. ಅವನಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಹುಣ್ಣಿಮೆ ರಾತ್ರಿ 'ಕಾಕಾ, ಮಲಾ ವಾಚವಾ' (ಚಿಕ್ಕಪ್ಪ, ನನ್ನನ್ನು ಉಳಿಸಿ) ಅನ್ನುವ ಕೂಗು ಈಗಲೂ ಕೇಳುತ್ತದೆ ಅಂತ ಪುಣೆಯವರು ಹೇಳುತ್ತಾರೆ. ಹೆದರಿಸಿ ಅಲ್ಲಿಗೇ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: 'ಕಾಕಾನಿಗೆ ಶಿಕ್ಷೆ ಆಯ್ತಾ?' ಆಗ ರಾಮಶಾಸ್ತ್ರಿ ಪ್ರಭುಣೆ ಅವರ ವಿಷಯ ಹೇಳಿ. ಅವರು ಪೇಶ್ವೆಗಳ ನ್ಯಾಯಾಧೀಶರು. ಕಾಕಾ ರಘುನಾಥರಾಯ ತಾನೇ ಪೇಶ್ವೆಯಾಗಿ ಕೂತಿದ್ದಾಗ 'ಈ ಕೊಲೆಯಲ್ಲಿ ನೀನೇ ತಪ್ಪಿತಸ್ಥ' ಅಂತ ಮುಖಕ್ಕೆ ಮುಖ ಕೊಟ್ಟು ತೀರ್ಪು ಹೇಳಿದವರು. ಸತ್ತ ನಾರಾಯಣರಾಯನಿಗೆ 1774ರ ಏಪ್ರಿಲ್‌ನಲ್ಲಿ ಪುರಂದರ ಕೋಟೆಯಲ್ಲಿ ಮಗ ಹುಟ್ಟಿದ. ನಲವತ್ತು ದಿನದ ಆ ಕೂಸನ್ನೇ ಪೇಶ್ವೆ ಮಾಡಿದರು. ತೊಟ್ಟಿಲಲ್ಲಿ ಪೇಶ್ವೆ ಅಂದರೆ ಮಕ್ಕಳು ಭೂತವನ್ನು ಮರೆತೇಬಿಡುತ್ತಾರೆ.

ಕಥೆಯನ್ನು ಕನ್ನಡದಲ್ಲೇ ಹೇಳಿ ಅಂತ ಒಂದು ಕೋರಿಕೆ. ಮರಾಠಿಯಲ್ಲಿ ಶಾಲೆಯವರು ಹೇಳೇ ಹೇಳುತ್ತಾರೆ. ಮನೆಯ ಮಾತಿನಲ್ಲಿ ಕೇಳಿದರೆ ಇದೂ ನಮ್ಮದೇ ಊರು ಅನ್ನಿಸುತ್ತದೆ.

ಬೇಸಿಗೆ ರಜೆಗೆ ಊರ ಕಡೆ ಹೋಗುವವರು ದಾವಣಗೆರೆ ಜಿಲ್ಲೆಯ ಚನ್ನಗಿರಿ ಹತ್ತಿರದ ಹೊದಿಗೆರೆಗೆ ಹೋಗಿ ಬನ್ನಿ. ಶಿವಾಜಿಯ ತಂದೆ ಶಹಾಜಿ 1664ರಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ತೀರಿಕೊಂಡ ಊರದು. ಸಮಾಧಿ ಅಲ್ಲೇ ಇದೆ. ಆ ಕಡೆ ಹೋದ ಮೇಲೆ ಚಿತ್ರದುರ್ಗವನ್ನೂ ಬಿಡಬೇಡಿ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದ ಓಬವ್ವ ಒನಕೆ ಹಿಡಿದು ನಿಂತ ಕಥೆಯನ್ನು ಕಿಂಡಿಯ ಹತ್ತಿರವೇ ಹೇಳಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿಯೇ ಯಾಕೆ ಬಂದರು, ಗುಂಪಾಗಿ ಯಾಕೆ ನುಗ್ಗಲಿಲ್ಲ ಅಂತ ಮಗು ಕೇಳಿದರೆ ನೀವು ಏನೂ ಹೇಳಬೇಡಿ. ಆ ಕಿಂಡಿಯಲ್ಲಿ ತೂರಿ ಬರಲು ಹೇಳಿ.