ಕೃತಿ ಬೇರೆ, ಪ್ರತಿ ಬೇರೆ: ಪುಸ್ತಕಗಳ ಡೇಟಾಬೇಸ್ ಕುರಿತು

ನಮಸ್ಕಾರ. ಕೊಡಗಿನ ಶಾಲೆಯೊಂದರ ಗ್ರಂಥಾಲಯವಿರಲಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಿರಲಿ, ತೋಟದ ಮನೆಯಲ್ಲಿ ಅಜ್ಜನ ಕಾಲದಿಂದ ಕೂಡಿಬಂದ ಪುಸ್ತಕಗಳ ಬೀರುವಿರಲಿ, ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂಬ ಮಾತು ಬಂದ ಕೂಡಲೇ ಯಾರಾದರೊಬ್ಬರು ಎಕ್ಸೆಲ್ ಹಾಳೆ ತೆರೆದು ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ, ಬೆಲೆ, ಒಯ್ದವರ ಹೆಸರು ಎಂದು ಕಾಲಂಗಳನ್ನು ಎಳೆಯುತ್ತಾರೆ. ಉತ್ಸಾಹ ಒಳ್ಳೆಯದೇ, ಆ ಹಾಳೆಯ ಬಗ್ಗೆ ನನಗೆ ತಕರಾರಿದೆ. ಪುಸ್ತಕ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಕೃತಿ (ಒಳಗಿನ ಬರಹ), ಆವೃತ್ತಿ (ಅದರ ಒಂದು ಮುದ್ರಣ ಅಥವಾ ಅನುವಾದ), ಪ್ರತಿ (ಕೈಯಲ್ಲಿ ಹಿಡಿಯುವ ಪುಸ್ತಕ) ಎಂಬ ಮೂರು ಸಂಗತಿಗಳಿವೆ, ಮತ್ತು ಅವನ್ನು ಒಂದೇ ಸಾಲಿನಲ್ಲಿ ತುರುಕಿದ ಪಟ್ಟಿ ನೂರು ಪುಸ್ತಕ ದಾಟುವಷ್ಟರಲ್ಲಿ ಕೆಡಲು ಶುರುವಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಬಹಳ ಜನ ಬಲ್ಲ ಒಂದು ಪುಸ್ತಕವನ್ನೇ ತೆಗೆದುಕೊಳ್ಳೋಣ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಜನಪದ ಹಾಡುಗಳನ್ನು ಸಂಗ್ರಹಿಸಿದ 'ಪಟ್ಟೋಲೆ ಪಳಮೆ' 1924ರಲ್ಲಿ ಪ್ರಕಟವಾಯಿತು. ಆಮೇಲೆ ಮರುಮುದ್ರಣ ಕಂಡಿತು. 2003ರಲ್ಲಿ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಯ ಇಂಗ್ಲಿಷ್ ಅನುವಾದ ಬಂತು. ನಿಮ್ಮ ಬೀರುವಿನಲ್ಲಿ ಮರುಮುದ್ರಣದ ಎರಡು ಪ್ರತಿ, ಅನುವಾದದ ಒಂದು ಪ್ರತಿ ಇವೆ ಎಂದುಕೊಳ್ಳಿ. ಹಾಳೆಯಲ್ಲಿ ಮೂರು ಸಾಲುಗಳಾಗುತ್ತವೆ. ಒಬ್ಬರು 'ಪಟ್ಟೋಲೆ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಪಟ್ಟೋಳೆ' ಎನ್ನುತ್ತಾರೆ, ಅನುವಾದವನ್ನು ಮತ್ತೊಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯುತ್ತಾರೆ. ಹುಡುಕಿದವರಿಗೆ ಒಂದು ಸಿಕ್ಕರೆ ಉಳಿದೆರಡು ಸಿಗುವುದಿಲ್ಲ. 1970ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ ರಿಲೇಷನಲ್ ಮಾದರಿಯನ್ನು (ಮಾಹಿತಿಯನ್ನು ಒಂದಕ್ಕೊಂದು ಕೊಂಡಿಯಿರುವ ಟೇಬಲ್‌ಗಳಲ್ಲಿ ಇಡುವ ಕ್ರಮ) ನೆಚ್ಚಿ ವಿನ್ಯಾಸ ಮಾಡುವವರು ಪಾಲಿಸುವ ಶಿಸ್ತು ಸರಳವಾದದ್ದು: ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು, ಬೇರೆಡೆ ಬೇಕಾದಾಗ ಅದರ ಗುರುತಿನ ಸಂಖ್ಯೆಯನ್ನಷ್ಟೇ ಇಡಬೇಕು. ಆದ್ದರಿಂದ ಕೃತಿಗೊಂದು ಟೇಬಲ್, ಆ ಕೃತಿಯ ಸಂಖ್ಯೆಯನ್ನು ಹೊತ್ತ ಆವೃತ್ತಿಯ ಟೇಬಲ್, ಆವೃತ್ತಿಯ ಸಂಖ್ಯೆಯನ್ನು ಹೊತ್ತ ಪ್ರತಿಯ ಟೇಬಲ್ ಬೇಕು. ಪ್ರಕಾಶಕ, ವರ್ಷ, ಪುಟಗಳು ಆವೃತ್ತಿಗೆ ಸೇರಿದವು. ಯಾವ ಕಪಾಟು, ರಟ್ಟು ಕಿತ್ತಿದೆಯೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬೂಷ್ಟು ಹಿಡಿದಿದೆಯೇ ಎಂಬುದು ಪ್ರತಿಗೆ ಸೇರಿದ್ದು. ಒಂದೇ ಮುದ್ರಣದ ಎರಡು ಪ್ರತಿಗಳಲ್ಲಿ ಒಂದು ಗೋಡೆಗೆ ತಾಗಿ ತೇವ ಹೀರಿರಬಹುದು, ಇನ್ನೊಂದು ಹೊಸದರಂತೆಯೇ ಇರಬಹುದು.

ಇನ್ನು ಹೆಸರುಗಳ ವಿಷಯ. ನಿಜವಾದ ಕಷ್ಟ ಇರುವುದು ಇಲ್ಲೇ. ಮೇಲಿನ ಉದಾಹರಣೆಯಲ್ಲಿ ಇಬ್ಬರು ಚಿಣ್ಣಪ್ಪರಿದ್ದಾರೆ, ಒಬ್ಬರು ಸಂಗ್ರಾಹಕರು, ಇನ್ನೊಬ್ಬರು ಅನುವಾದಕರು, ಮತ್ತು ಇಬ್ಬರ ಹೆಸರೂ ಒಂದೇ ಕೃತಿಯ ಸುತ್ತ ಬರುತ್ತದೆ. 'ಲೇಖಕ' ಎಂಬ ಒಂದು ಕಾಲಂ ಇಟ್ಟುಕೊಂಡವರು ಇಲ್ಲಿ ಏನು ಬರೆದರೂ ತಪ್ಪೇ, ಏಕೆಂದರೆ ಹಾಡುಗಳನ್ನು ಸಂಗ್ರಹಿಸಿದವರು ಅವನ್ನು ಕಟ್ಟಿದವರಲ್ಲ. ವ್ಯಕ್ತಿಗಳಿಗೆ ಪ್ರತ್ಯೇಕ ಟೇಬಲ್ ಮಾಡಿ, ವ್ಯಕ್ತಿಗೂ ಕೃತಿಗೂ ಅಥವಾ ಆವೃತ್ತಿಗೂ ನಡುವೆ ಒಂದು ಕೊಂಡಿ ಟೇಬಲ್ ಇಟ್ಟು, ಅದರಲ್ಲಿ ಲೇಖಕ, ಸಂಗ್ರಾಹಕ, ಅನುವಾದಕ, ಸಂಪಾದಕ ಎಂಬ ಪಾತ್ರವನ್ನು ನಮೂದಿಸುವುದೊಂದೇ ದಾರಿ. ಕೊಡವರಲ್ಲಿ ಮನೆಹೆಸರು ಮೊದಲು ಬರುವುದರಿಂದ, ಕೊನೆಯ ಪದವೇ ಕುಲನಾಮವೆಂದು ನಂಬಿದ ತಂತ್ರಾಂಶ 'ಚಿಣ್ಣಪ್ಪ, ನಡಿಕೇರಿಯಂಡ' ಎಂದು ತಿರುಗಿಸಿಬಿಡುತ್ತದೆ. ಅದೇ ನಿಯಮ ಕಥೆಗಾರ್ತಿ ಕೊಡಗಿನ ಗೌರಮ್ಮನವರ ವಿಷಯದಲ್ಲಿ, 'ಕೊಡಗಿನ' ಎಂಬುದು ಮನೆಹೆಸರಲ್ಲದ ಕಾರಣ, ಆಕಸ್ಮಿಕವಾಗಿ ಸರಿಹೋಗುತ್ತದೆ. ಹೆಸರನ್ನು ತುಂಡರಿಸದೆ, ತೋರಿಸುವುದಕ್ಕೊಂದು ಕಾಲಂ, ಅಕಾರಾದಿ ಜೋಡಣೆಗೊಂದು ಕಾಲಂ ಇಡುವುದು ಲೇಸು. ಗೌರಮ್ಮನವರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲೂ ಬರೆದವರು. ಹಾಗಾಗಿ ವ್ಯಕ್ತಿಗೆ ಒಂದು ಸಾಲು, ಆ ವ್ಯಕ್ತಿಯ ಬೇರೆಬೇರೆ ಹೆಸರುಗಳಿಗೆ ಇನ್ನೊಂದು ಟೇಬಲ್‌ನಲ್ಲಿ ಎಷ್ಟು ಬೇಕೋ ಅಷ್ಟು ಸಾಲು. ಶೀರ್ಷಿಕೆಯ ಕಾಗುಣಿತ ಭೇದಗಳಿಗೂ ಇದೇ ಉಪಾಯ ಒಗ್ಗುತ್ತದೆ.

ಐಎಸ್‌ಬಿಎನ್ (ಪುಸ್ತಕದ ಆವೃತ್ತಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಅನ್ನೇ ಪ್ರೈಮರಿ ಕೀ, ಅಂದರೆ ಒಂದೊಂದು ಸಾಲನ್ನೂ ಗುರುತಿಸುವ ಸಂಖ್ಯೆ, ಮಾಡಿಕೊಳ್ಳಿ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಆ ಪದ್ಧತಿ ಅಂತರರಾಷ್ಟ್ರೀಯ ಮಾನಕವಾದದ್ದೇ 1970ರಲ್ಲಿ. ಹತ್ತು ಅಂಕಿ ಇದ್ದದ್ದು 2007ರಲ್ಲಿ ಹದಿಮೂರಾಯಿತು. ಆ ಪದ್ಧತಿಗಿಂತ ಹಳೆಯ ಪುಸ್ತಕಗಳಿಗೆ ಅದು ಇಲ್ಲವೇ ಇಲ್ಲ. ಖಾಲಿ ಬಿಡಬಹುದಾದ ಕಾಲಂ ಆಗಿ ಆವೃತ್ತಿಯ ಟೇಬಲ್‌ನಲ್ಲಿ ಇದ್ದರೆ ಸಾಕು.

ಭಾಷೆಯ ಕಾಲಂ ಕೂಡ ಒಂದಕ್ಕೆ ನಿಲ್ಲುವುದಿಲ್ಲ. 'ಪಟ್ಟೋಲೆ ಪಳಮೆ'ಯ ಹಾಡುಗಳು ಕೊಡವ ಭಾಷೆಯವು, ವಿವರಣೆ ಕನ್ನಡದ್ದು, ಲಿಪಿ ಎರಡಕ್ಕೂ ಕನ್ನಡವೇ. ಐಎಸ್‌ಒ 639-2 ಎಂಬ, ಭಾಷೆಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಡವಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಅದು 'ಇತರ ದ್ರಾವಿಡ' ಎಂಬ ಗುಂಪಿನಲ್ಲಿ ಕರಗಿಹೋಗುತ್ತದೆ. ಅದೇ ಸಾಲಿನ ಇನ್ನೂ ವಿಸ್ತಾರವಾದ 639-3ರಲ್ಲಿ 'ಕೆ-ಎಫ್-ಎ' ಎಂಬ ಸಂಕೇತವಿದೆ. ಕೊಡಗಿನ ಗ್ರಂಥಾಲಯವೇ ಕೊಡವ ಪುಸ್ತಕಗಳನ್ನು 'ಇತರ'ಕ್ಕೆ ತಳ್ಳಿದರೆ ಅದಕ್ಕಿಂತ ನಗೆಪಾಟಲು ಬೇರೊಂದಿಲ್ಲ. ಭಾಷೆಗಳಿಗೆ ನಿಮ್ಮದೇ ಒಂದು ಟೇಬಲ್ ಮಾಡಿ ಕೊಡವ, ಅರೆಭಾಷೆ, ಕನ್ನಡ ಎಂದು ಸೇರಿಸಿಕೊಳ್ಳಿ. ಲಿಪಿಗೆ ಬೇರೆ ಕಾಲಂ ಇರಲಿ.

ಹಳೆಯ ನುಡಿ ಅಥವಾ ಬರಹ ಫಾಂಟಿನ ಕಡತದಿಂದ ನಕಲು ಮಾಡುವವರು ಮೊದಲು ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು, ಇಲ್ಲದಿದ್ದರೆ ಪರದೆಯ ಮೇಲೆ ಕನ್ನಡ ಕಂಡರೂ ಡೇಟಾಬೇಸ್‌ನ ಒಳಗೆ ಇರುವುದು ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮವಿದೆ: 'ಟ್ಟೋ' ಎಂಬಲ್ಲಿನ ದೀರ್ಘ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ. ಒಳಗೆ ಬರುವ ಪಠ್ಯವನ್ನೆಲ್ಲ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು ಉಳಿಸಿದರೆ ಈ ತೊಡಕು ಬರುವುದಿಲ್ಲ.

ಎರವಲಿನ ಲೆಕ್ಕ ಸುಲಭ. ಒಯ್ದವರ ಹೆಸರನ್ನು ಪುಸ್ತಕದ ಸಾಲಿನಲ್ಲಿ ಬರೆದು, ಹಿಂತಿರುಗಿದಾಗ ಅಳಿಸಿದರೆ ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತೆಂಬುದೇ ಉಳಿಯುವುದಿಲ್ಲ. ಪ್ರತಿಯ ಸಂಖ್ಯೆ, ಸದಸ್ಯರ ಸಂಖ್ಯೆ, ಕೊಟ್ಟ ದಿನ, ಮರಳಿದ ದಿನ ಇರುವ ಎರವಲು ಟೇಬಲ್ ಇದ್ದರೆ, ಮರಳಿದ ದಿನ ಖಾಲಿ ಇರುವ ಸಾಲುಗಳೇ ಬಾಕಿ ಪಟ್ಟಿ.

ಇಷ್ಟಕ್ಕೆಲ್ಲ ಗ್ರಂಥಾಲಯಗಳಿಗೆಂದೇ ಮಾಡಿದ ಕೋಹಾ ಇದೆಯಲ್ಲ ಎಂದು ಕೇಳುವವರಿದ್ದಾರೆ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿ 2000ದಿಂದ ಬಳಕೆಯಲ್ಲಿರುವ ಆ ಮುಕ್ತ ತಂತ್ರಾಂಶ ಉತ್ತಮವಾದದ್ದೇ, ಸರ್ವರ್ ನೋಡಿಕೊಳ್ಳುವ ಜನವಿರುವ ಕಾಲೇಜಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಗಾಳಿಮಳೆಗೆ ಕರೆಂಟು ಹೋದರೆ ಯಾವಾಗ ಬರುತ್ತದೋ ತಿಳಿಯದ ಊರಿನಲ್ಲಿ, ಸಾವಿರ ಪುಸ್ತಕದ ಸಂಗ್ರಹಕ್ಕೆ, ಇಡೀ ಡೇಟಾಬೇಸ್ ಒಂದೇ ಕಡತವಾಗಿರುವ ತಂತ್ರಾಂಶ ಎಸ್‌ಕ್ಯೂಲೈಟ್ ಸಾಕು. ಬರವಣಿಗೆಯ ಮಧ್ಯೆ ಯಂತ್ರ ನಿಂತರೆ ಅರ್ಧಂಬರ್ಧ ಬರೆದದ್ದನ್ನು ಅದು ತಾನೇ ರದ್ದು ಮಾಡುತ್ತದೆ, ಬಳಕೆಯಲ್ಲಿಲ್ಲದ ಹೊತ್ತಿನಲ್ಲಿ ಆ ಕಡತವನ್ನು ಪೆನ್ ಡ್ರೈವ್‌ಗೆ ನಕಲು ಮಾಡಿಟ್ಟರೆ ಬ್ಯಾಕಪ್ ಆಯಿತು. ಹಳೆಯ ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಗಳಿಗೆ ಕ್ರಮಸಂಖ್ಯೆ ಕೊಟ್ಟು ಬರೆದಿಟ್ಟ ದಾಖಲೆ) ಇರುವವರು ಅದರ ಸಂಖ್ಯೆಗಳನ್ನು ಬದಲಾಯಿಸದೆ ಮೊದಲು ಪ್ರತಿಗಳ ಟೇಬಲ್‌ಗೆ ತರಲಿ, ಪುಸ್ತಕಗಳ ಬೆನ್ನ ಮೇಲೆ ಬರೆದಿರುವುದು ಅವೇ ತಾನೇ. ಆವೃತ್ತಿ, ಕೃತಿ ಮತ್ತು ವ್ಯಕ್ತಿಗಳ ವಿವರವನ್ನು ಒಂದೊಂದೇ ಕಪಾಟಿನಂತೆ ಆಮೇಲೆ ತುಂಬಿಸಿಕೊಳ್ಳಬಹುದು.