ವೇಲ್ಸ್‌ನ ಕೋಟೆಗಳಲ್ಲಿ ಒಂದು ದಿನ: ಕಾನ್ವಿಯಿಂದ ಕೈರ್ನಾರ್ವನ್‌ವರೆಗೆ

[ದೃಶ್ಯ: ಬಸ್ಸಿನ ಕಿಟಕಿ. ಎಡಕ್ಕೆ ಗುಡ್ಡ, ಬಲಕ್ಕೆ ಸಮುದ್ರ]

ನಮಸ್ಕಾರ. ಇಂಗ್ಲೆಂಡಿನ ಚೆಸ್ಟರ್‌ನಿಂದ ಬೆಳಗ್ಗೆ ಹೊರಡೋ ಟೂರ್ ಬಸ್ಸು ಸಮುದ್ರದ ಅಂಚಿಗೇ ಪಶ್ಚಿಮಕ್ಕೆ ಸಾಗುತ್ತೆ. ವೇಲ್ಸ್‌ಗೆ ಬಂದ್ವಿ ಅಂತ ಹೇಳೋದು ಟಾರು ರಸ್ತೆಯೇ. ತಿರುವುಗಳಲ್ಲಿ ದೊಡ್ಡ ಬಿಳಿ ಅಕ್ಷರದಲ್ಲಿ ಬರೆದಿರ್ತಾರೆ, ‘ಆರವ್’. ವೆಲ್ಷ್ ಭಾಷೆಯಲ್ಲಿ ‘ನಿಧಾನ’ ಅಂತ. ಈ ಪದ ನೆನಪಿಟ್ಟುಕೊಳ್ಳಿ. ಇವತ್ತು ನೋಡೋ ಕೋಟೆಗಳ ಕಥೆಗೂ ಇದಕ್ಕೂ ಸಂಬಂಧ ಇದೆ.

[ದೃಶ್ಯ: ಕಾನ್ವಿ ಕೋಟೆ, ಮುಂದೆ ನದಿ]

ಮೊದಲ ನಿಲ್ದಾಣ ಕಾನ್ವಿ. 1282ರ ಡಿಸೆಂಬರಿನಲ್ಲಿ ವೇಲ್ಸ್‌ನ ದೊರೆ ಲೆವೆಲಿನ್ ಯುದ್ಧದಲ್ಲಿ ಸತ್ತ. ಮರುವರ್ಷವೇ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಇಲ್ಲಿ ಕೋಟೆ ಕಟ್ಟೋಕೆ ಶುರು ಮಾಡಿದ. ಆ ಜಾಗ ಖಾಲಿ ಇರಲಿಲ್ಲ. ಲೆವೆಲಿನ್‌ನ ತಾತ, ಅವನ ಹೆಸರೂ ಲೆವೆಲಿನ್ನೇ, ಅವನನ್ನು ಮಣ್ಣು ಮಾಡಿದ್ದ ಕ್ರೈಸ್ತ ಮಠ ಅಲ್ಲಿತ್ತು. ಎಡ್ವರ್ಡ್ ಸನ್ಯಾಸಿಗಳನ್ನು ಎಬ್ಬಿಸಿ ಬೇರೆ ಕಡೆ ಕಳಿಸಿಬಿಟ್ಟ. ಸೋತವರಿಗೆ ಎಲ್ಲಿ ಹೊಡೆದರೆ ನೋವಾಗುತ್ತೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕೇ ವರ್ಷದಲ್ಲಿ, 1287ರ ಹೊತ್ತಿಗೆ, ಎಂಟು ಬುರುಜಿನ ಕೋಟೆ ಎದ್ದು ನಿಂತಿತು. ಊರಿನ ಸುತ್ತ 1.3 ಕಿಲೋಮೀಟರ್ ಗೋಡೆ, ಒಳಗೆ ವಾಸಕ್ಕೆ ಕರೆತಂದ ಇಂಗ್ಲಿಷರು. ಕಟ್ಟಿಸಿದ ಮೇಸ್ತ್ರಿ ಆಲ್ಪ್ಸ್ ಪರ್ವತದ ಸವಾಯ್ ಸೀಮೆಯಿಂದ ಬಂದ ಜೇಮ್ಸ್. ಊರಗೋಡೆಯ ಮೇಲೆ ಈಗಲೂ ನಡೆಯಬಹುದು. ಗಿರಣಿ ಬಾಗಿಲ ಹತ್ತಿರ ತಲೆ ಎತ್ತಿ ನೋಡಿ. ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಗೂಡುಗಳು ಸಾಲಾಗಿವೆ. ಎಣಿಸಿದರೆ ಹನ್ನೆರಡು. ಅವು ಆ ಕಾಲದ ಶೌಚಾಲಯಗಳು. ರಾಜ, ಯುದ್ಧ ಎಲ್ಲ ಪಕ್ಕಕ್ಕೆ ಸರಿದು, ಇಲ್ಲಿ ಮನುಷ್ಯರು ಬದುಕಿದ್ರು ಅನ್ನೋದು ನನಗೆ ತಟ್ಟಿದ್ದು ಅಲ್ಲೇ.

[ದೃಶ್ಯ: ಲ್ಲಾನ್‌ಬೆರಿಸ್ ಕಣಿವೆ, ಮೋಡ]

ಅಲ್ಲಿಂದ ಬೆಟ್ಟದ ದಾರಿ. ನಾವು ಸ್ನೋಡನ್ ಅಂತ ಓದಿದ ಶಿಖರಕ್ಕೆ ಇಲ್ಲಿಯವರ ಹೆಸರು ‘ಅರ್ ವಿದ್ವಾ’. ಎತ್ತರ 1,085 ಮೀಟರ್. ಹೆಸರಿನ ಅರ್ಥ ಸಮಾಧಿಯ ದಿಬ್ಬ. ರಾಜರ ಗಡ್ಡ ಕಿತ್ತು ನಿಲುವಂಗಿ ಹೊಲಿಸಿಕೊಂಡಿದ್ದ ರೀಟಾ ಎಂಬ ದೈತ್ಯನನ್ನು ಆರ್ಥರ್ ರಾಜ ಕೊಂದು ಇಲ್ಲೇ ಹೂಳಿದ ಅಂತ ಜನಪದ ಕಥೆ. 2022ರಲ್ಲಿ ರಾಷ್ಟ್ರೀಯ ಉದ್ಯಾನದ ಆಡಳಿತವೂ ಇಂಗ್ಲಿಷ್ ಹೆಸರು ಬಿಟ್ಟು ಈ ಹಳೆಯ ಹೆಸರನ್ನೇ ಬಳಸೋಕೆ ತೀರ್ಮಾನಿಸಿತು.

ಕಣಿವೆ ಇಳಿದರೆ ಲ್ಲಾನ್‌ಬೆರಿಸ್ ಊರು. ಆ ‘ಲ್ಲ’ ಹೇಳೋದಕ್ಕೆ ನಾಲಿಗೆಯನ್ನು ನಮ್ಮ ‘ಲ’ಕ್ಕೆ ಇಡೋ ಹಾಗೇ ಇಟ್ಟು, ದನಿ ಮಾಡದೆ ಬರೀ ಉಸಿರನ್ನು ಪಕ್ಕದಿಂದ ಬಿಡಬೇಕು. ಕೆರೆಯ ಆಚೆ ಗುಡ್ಡವೇ ಮೆಟ್ಟಿಲು ಮೆಟ್ಟಿಲಾಗಿ ಕಡಿದುಹೋಗಿದೆ. ಅದು ಡಿನೋರ್ವಿಗ್ ಸ್ಲೇಟು ಗಣಿ, 1969ರಲ್ಲಿ ಮುಚ್ಚಿತು.

[ದೃಶ್ಯ: ಕೈರ್ನಾರ್ವನ್ ಕೋಟೆ, ಸಂಜೆ ಬಿಸಿಲು]

ಕೊನೆಯದು ಕೈರ್ನಾರ್ವನ್. ಇಲ್ಲಿಯ ಬುರುಜುಗಳು ದುಂಡಗಿಲ್ಲ, ಮೂಲೆ ಮೂಲೆಯಾಗಿವೆ. ಗೋಡೆಯಲ್ಲಿ ಬಣ್ಣದ ಕಲ್ಲಿನ ಪಟ್ಟೆಗಳು. ರೋಮನ್ ಚಕ್ರವರ್ತಿಗಳ ಕಾನ್‌ಸ್ಟಾಂಟಿನೋಪಲ್‌ನ ಕೋಟೆಗೋಡೆಯ ಠೀವಿ ಬೇಕಿತ್ತು ಎಡ್ವರ್ಡ್‌ಗೆ ಅಂತ ಎಷ್ಟೋ ಇತಿಹಾಸಕಾರರು ಹೇಳ್ತಾರೆ. ಅವನ ಮಗ, ಮುಂದಿನ ರಾಜ, 1284ರಲ್ಲಿ ಹುಟ್ಟಿದ್ದೂ ಈ ಊರಲ್ಲೇ. ಇವೆರಡರ ಜೊತೆ ಹಾರ್ಲೆಕ್, ಬ್ಯೂಮಾರಿಸ್ ಕೋಟೆಗಳನ್ನೂ ಸೇರಿಸಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ತಾಣ ಅಂತ ಘೋಷಿಸಿತು.

ಇಷ್ಟೆಲ್ಲ ಕಲ್ಲು ಹೊತ್ತು ತಂದದ್ದು ಈ ಜನರನ್ನು ಅಡಗಿಸಿಡೋದಕ್ಕೆ. ಮುಂದೆ 19ನೇ ಶತಮಾನದಲ್ಲಿ, ಶಾಲೆಯಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕಿದ್ದೂ ಉಂಟು. 2021ರ ಜನಗಣತಿ ನೋಡಿದರೆ, ಈ ಕೋಟೆ ಇರೋ ಗ್ವಿನೆಥ್ ಜಿಲ್ಲೆಯಲ್ಲಿ ನೂರಕ್ಕೆ 64 ಜನ ವೆಲ್ಷ್ ಬಲ್ಲವರು. ಕೋಟೆ ಬಾಗಿಲಿಂದ ಹೊರಬಂದು ಎದುರಿನ ಬೀದಿಯಲ್ಲಿ ನಿಂತು ಕೇಳಿ: ಅಂಗಡಿಯಲ್ಲಿ ಚೌಕಾಸಿ, ಮಕ್ಕಳ ಜಗಳ, ಫೋನಿನ ಮಾತು, ಎಲ್ಲ ಅದೇ ಭಾಷೆಯಲ್ಲಿ.

ಬಸ್ಸು ಹತ್ತೋ ಮೊದಲು ಒಂದು ಟೀ ಕೊಂಡು, ‘ದಿಯೋಲ್ಖ್’ ಅನ್ನಿ. ಥ್ಯಾಂಕ್ಸ್ ಅಂತ ಅರ್ಥ. ಕೊಟ್ಟವರ ಮುಖ ನೋಡಿ.